ಬಾಲ್ಸಾ ಹಾಳೆ ಕತ್ತರಿಸುವ ಮುನ್ನ ತೂಗಿ ನೋಡಿ

ಮಾದರಿ ವಿಮಾನ ಮಾಡಲು ಬಳಸುವ ಹಗುರ ಮರ ಬಾಲ್ಸಾ. ಒಂದೇ ಕಟ್ಟಿನಿಂದ ಅದರ ಎರಡು ಹಾಳೆ ತೆಗೆಯಿರಿ. ಅಳತೆ ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ. ತೂಗಿದರೆ ಒಂದು 9 ಗ್ರಾಂ, ಇನ್ನೊಂದು 18 ಗ್ರಾಂ ಬರಬಹುದು! ಬಾಲ್ಸಾ ಮರದ ಸ್ವಭಾವವೇ ಹಾಗೆ. ನಮ್ಮ ಬೂರುಗದ ಕುಟುಂಬಕ್ಕೇ ಸೇರಿದ, ಭರಭರನೆ ಬೆಳೆಯುವ ಮರ ಇದು. ಹೆಚ್ಚಾಗಿ ಬರುವುದು ಈಕ್ವೆಡಾರ್‌ನಿಂದ. ಮರದಿಂದ ಮರಕ್ಕೆ, ಒಂದೇ ಮರದಲ್ಲೂ ಜಾಗದಿಂದ ಜಾಗಕ್ಕೆ ಅದರ ಸಾಂದ್ರತೆ ಬದಲಾಗುತ್ತದೆ.

ಒಳಾಂಗಣದಲ್ಲಿ ರಬ್ಬರ್ ತಿರುಚಿ ಹಾರಿಸುವ ವಿಮಾನಕ್ಕೆ ಈ ವ್ಯತ್ಯಾಸ ತುಂಬಾ ದೊಡ್ಡದು. ಅಮೆರಿಕದ ಪೆನ್ನಿಪ್ಲೇನ್ ಎಂಬ ಸ್ಪರ್ಧಾ ವರ್ಗವನ್ನೇ ನೋಡಿ. ರಬ್ಬರ್ ಬಿಟ್ಟು ವಿಮಾನ ಕನಿಷ್ಠ 3.1 ಗ್ರಾಂ ಇರಬೇಕು, ಅಂದರೆ ಅಲ್ಲಿನ ಹಳೆಯ ತಾಮ್ರದ ಪೆನ್ನಿ ನಾಣ್ಯದಷ್ಟು. ಇಲ್ಲಿ ಅರ್ಧ ಗ್ರಾಂ ಜಾಸ್ತಿಯಾದರೂ ಹಾರುವ ಹೊತ್ತು ಇಳಿಯುತ್ತದೆ.

ಬೇಕಾದ ಸಾಮಾನು ಮೂರೇ: ಸ್ಕೇಲು, ವರ್ನಿಯರ್ (ಎರಡು ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಸಾಧನ), 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ. ಚಿನ್ನ ತೂಗಲು ಇಟ್ಟುಕೊಳ್ಳುವಂಥದ್ದೇ ಸಾಕು. ಫ್ಯಾನ್ ಆರಿಸಿ, ಇಲ್ಲದಿದ್ದರೆ ಅಂಕಿ ನಿಲ್ಲುವುದೇ ಇಲ್ಲ. ಹಾಳೆ ಉದ್ದವಾಗಿ ಜೋತುಬಿದ್ದರೆ ತಟ್ಟೆಯ ಮೇಲೆ ಒಂದು ಚಿಕ್ಕ ಬಟ್ಟಲು ಇಟ್ಟು, ಸೊನ್ನೆ ಮಾಡಿಕೊಂಡು, ಅದರ ಮೇಲೆ ಹಾಳೆಯ ನಡುಭಾಗ ಕೂರುವಂತೆ ಇಡಿ.

ಮೊದಲು ಉದ್ದ, ಅಗಲ. ಇವೆರಡರಲ್ಲಿ ತಪ್ಪಾಗುವುದು ಕಡಿಮೆ. ನಿಜವಾದ ಕಷ್ಟ ದಪ್ಪದ್ದು. ಬಾಲ್ಸಾ ಎಷ್ಟು ಮೆತ್ತಗೆ ಅಂದರೆ ವರ್ನಿಯರ್ ದವಡೆ ಸ್ವಲ್ಪ ಬಿಗಿಯಾದರೂ ಮರದ ಮೇಲೆ ಗುಳಿ ಬೀಳುತ್ತದೆ. ಆಗ ದಪ್ಪ ಕಡಿಮೆ ತೋರಿಸುತ್ತದೆ, ಮರ ಇರುವುದಕ್ಕಿಂತ ಭಾರ ಅನ್ನಿಸುತ್ತದೆ. ಹಾಗಾಗಿ ದವಡೆ ಸುಮ್ನೆ ಮುಟ್ಟುವಷ್ಟಕ್ಕೇ ನಿಲ್ಲಿಸಿ. ಎರಡೂ ಅಂಚುಗಳಲ್ಲಿ ಎರಡು ತುದಿ, ಒಂದು ನಡು, ಹೀಗೆ ಆರು ಕಡೆ ಅಳೆದು ಸರಾಸರಿ ತೆಗೆಯಿರಿ. ಹಾಳೆಯ ಮೇಲೆ ಅಚ್ಚಾಗಿರುವ ದಪ್ಪವನ್ನು ನಂಬಬೇಡಿ.

ಈಗ ಸಾಂದ್ರತೆಯ ಲೆಕ್ಕ. ಒಂದು ಹಾಳೆ 91.4 ಸೆಂ.ಮೀ. ಉದ್ದ, 7.6 ಅಗಲ, 0.16 ದಪ್ಪ ಅಂದುಕೊಳ್ಳಿ. ಮೂರನ್ನೂ ಗುಣಿಸಿದರೆ ಸುಮಾರು 111 ಘನ ಸೆಂ.ಮೀ. ತೂಕ 9.8 ಗ್ರಾಂ. ತೂಕವನ್ನು 111ರಿಂದ ಭಾಗಿಸಿ, 1000ದಿಂದ ಗುಣಿಸಿ: ಘನ ಮೀಟರ್‌ಗೆ 88 ಕೆ.ಜಿ. ಅದನ್ನು 16ರಿಂದ ಭಾಗಿಸಿದರೆ ಘನ ಅಡಿಗೆ 5.5 ಪೌಂಡ್. ವಿಮಾನದ ನಕ್ಷೆಗಳಲ್ಲಿ ಜಾಸ್ತಿ ಕಾಣುವುದು ಈ ಪೌಂಡ್ ಲೆಕ್ಕವೇ. ಅದೇ ದಪ್ಪವನ್ನು 0.17 ಎಂದು ಓದಿಬಿಟ್ಟಿದ್ದರೆ 88 ಹೋಗಿ 83 ಆಗುತ್ತಿತ್ತು. ಕೂದಲೆಳೆಯಷ್ಟು ತಪ್ಪಿಗೆ ಇಷ್ಟು ವ್ಯತ್ಯಾಸ, ಅಲ್ವಾ?

ಇಲ್ಲಿಗೇ ನಿಲ್ಲಿಸಬೇಡಿ. ಹಾಳೆಯನ್ನು ಸ್ಕೇಲಿನ ಅಂಚಿನ ಮೇಲೆ ಅಡ್ಡವಾಗಿ ತೂಗಾಡಿಸಿ ನೋಡಿ. ದಪ್ಪ ಎಲ್ಲ ಕಡೆ ಒಂದೇ ಇದ್ದೂ ಸಮತೋಲ ನಟ್ಟನಡುವೆ ಸಿಗದೆ ಒಂದು ಬದಿಗೆ ಜಾರಿದರೆ, ಆ ಬದಿಯ ಮರವೇ ಭಾರ. ಅಂಥ ಹಾಳೆಯನ್ನು ಎರಡು ತುಂಡು ಮಾಡಿ ಬೇರೆಬೇರೆ ಅಳೆಯಿರಿ. ಎಡ ರೆಕ್ಕೆಗೆ ಒಂದು ತುದಿಯಿಂದ, ಬಲ ರೆಕ್ಕೆಗೆ ಇನ್ನೊಂದು ತುದಿಯಿಂದ ಕಡ್ಡಿ ಸೀಳಿದರೆ ವಿಮಾನ ಒಂದು ಕಡೆಗೆ ವಾಲುತ್ತದೆ. ತೆಳು ಕಡ್ಡಿಗಳನ್ನು ಒಂದೊಂದಾಗಿ ತೂಗುವ ಬದಲು ಹತ್ತು ಸೇರಿಸಿ ತೂಗಿದರೆ ಅಂಕಿ ನಂಬಿಕೆಗೆ ಬರುತ್ತದೆ.

ಮಳೆಗಾಲದಲ್ಲಿ ಬಾಲ್ಸಾ ಗಾಳಿಯ ತೇವ ಹೀರಿ ಭಾರವಾಗುತ್ತದೆ. ಹೋಲಿಸಬೇಕಾದ ಹಾಳೆಗಳನ್ನು ಒಂದೇ ಕೋಣೆಯಲ್ಲಿ ಎರಡು ದಿನ ಇಟ್ಟು, ಒಂದೇ ದಿನ ತೂಗಿ.

ರೆಕ್ಕೆಯ ಪಕ್ಕೆಲುಬುಗಳಿಗೆ, ಪ್ರೊಪೆಲ್ಲರ್ ಅಲಗಿಗೆ ಘನ ಅಡಿಗೆ 4ರಿಂದ 4.5 ಪೌಂಡಿನ ಹಗುರ ಮರ ಇಡಿ. ರಬ್ಬರ್ ಎಳೆತ ತಡೆಯುವ ನಡುಕಡ್ಡಿಗೆ, ಅಂದರೆ ಮೋಟರ್ ಸ್ಟಿಕ್ಕಿಗೆ, ರೆಕ್ಕೆಯ ಉದ್ದ ಕಡ್ಡಿಗಳಿಗೆ 5ರಿಂದ 6 ಪೌಂಡಿನದು ಬೇಕು. ಒಂದೇ ತೂಕದ ಎರಡು ಕಡ್ಡಿ ಸಿಕ್ಕರೆ ಎರಡರ ತುದಿಯನ್ನೂ ಮೇಜಿನಂಚಿಗೆ ಒತ್ತಿ ಹಿಡಿದು, ಆಚೆ ತುದಿಗಳಿಗೆ ಒಂದೇ ತೂಕದ ಕಾಗದದ ಚೂರು ನೇತುಹಾಕಿ. ಕಡಿಮೆ ಬಾಗಿದ್ದನ್ನು ಮೋಟರ್ ಸ್ಟಿಕ್ಕಿಗೆ ತೆಗೆದಿಟ್ಟು, ಅದರ ತುದಿಯಲ್ಲಿ ಸಾಂದ್ರತೆಯ ಅಂಕಿಯನ್ನು ಪೆನ್ಸಿಲ್ಲಿನಿಂದ ಹಗುರವಾಗಿ ಬರೆದಿಡಿ.