ಅರ್ಥ್‌ಡೇಟಾದಲ್ಲಿ ನೆಲದ ಬಿಸಿ ಹುಡುಕಿದ್ದು

ಉಪಗ್ರಹಗಳು ಅಳೆದ ಭೂಮಿಯ ಮಾಹಿತಿ ಸಿಗುವ ನಾಸಾದ ಜಾಲತಾಣ ಅರ್ಥ್‌ಡೇಟಾದಲ್ಲಿ ನಾನು ಮೊದಲ ಸಲ ಹುಡುಕಿದ್ದು ‘ಟೆಂಪರೇಚರ್’ ಅಂತ. ಬಂದ ಪಟ್ಟಿ ಮುಗಿಯುವ ಹಾಗೇ ಇರಲಿಲ್ಲ. ಸಮುದ್ರ, ಗಾಳಿ, ಮೋಡ, ನೆಲ, ಎಲ್ಲದಕ್ಕೂ ಉಷ್ಣತೆ ಇದೆ, ಅಲ್ವಾ? ನನಗೆ ಬೇಕಿದ್ದದ್ದು ಸಣ್ಣ ವಿಷಯ. ಒಂದೇ ಜಾಗದ ನೆಲ ವರ್ಷದಿಂದ ವರ್ಷಕ್ಕೆ ಎಷ್ಟು ಕಾಯುತ್ತಿದೆ ಎಂದು ನೋಡಬೇಕಿತ್ತು.

ಖಾತೆ ತೆರೆಯಲು ದುಡ್ಡು ಬೇಡ, ಅದು ಐದು ನಿಮಿಷದ ಕೆಲಸ. ವಿಷಯಕ್ಕೊಂದು ಕೇಂದ್ರ ಇದೆ ಎಂದು ಗೊತ್ತಾದ ಮೇಲೆ ಹುಡುಕಾಟ ಹಗುರವಾಯಿತು. ಹಿಮ, ಮಂಜುಗಡ್ಡೆಯ ಡೇಟಾ ಒಂದು ಕಡೆ, ಮಳೆಯದು ಇನ್ನೊಂದು ಕಡೆ. ನೆಲದ ಡೇಟಾ ಎಲ್‌ಪಿ ಡಾಕ್ ಎಂಬಲ್ಲಿ. ಅಲ್ಲಿ ಎಂಒಡಿ11ಎ2 ಎಂಬ ಡೇಟಾ ಸಿಕ್ಕಿತು. ಟೆರಾ ಉಪಗ್ರಹದ ಮೋಡಿಸ್ ಉಪಕರಣ ಅಳೆದ ನೆಲದ ಬಿಸಿ, ಎಂಟೆಂಟು ದಿನಗಳ ಸರಾಸರಿ, ಸುಮಾರು ಒಂದು ಕಿಲೋಮೀಟರ್‌ಗೊಂದು ಚೌಕ. 2000ದಿಂದ ಇಲ್ಲಿಯವರೆಗೆ!

ಫೈಲಿನ ಹೆಸರನ್ನು ಓದಲು ಕಲಿತದ್ದು ಬಹಳ ಉಪಯೋಗಕ್ಕೆ ಬಂತು. ಅದರಲ್ಲಿ ಎ2015137 ಎಂದಿದ್ದರೆ 2015ರ 137ನೇ ದಿನ, ಅಂದರೆ ಮೇ 17. ಎಂಟು ದಿನಗಳಲ್ಲಿ ಅದು ಮೊದಲನೆಯದು. ಎಚ್ ಮತ್ತು ವಿ ಜೊತೆಗಿನ ಅಂಕಿಗಳು ಭೂಪಟದ ದೊಡ್ಡ ಚೌಕವನ್ನು ಹೇಳುತ್ತವೆ. ಇಡೀ ಭೂಮಿಯನ್ನು 36 ಕಂಬಸಾಲು, 18 ಅಡ್ಡಸಾಲುಗಳಾಗಿ ಹಂಚಿದ್ದಾರೆ.

ಫೈಲನ್ನು ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ತೆರೆದರೆ 15,000, 15,900 ಇಂಥ ಸಂಖ್ಯೆಗಳು. ಅವನ್ನು 0.02ರಿಂದ ಗುಣಿಸಿದರೆ ಕೆಲ್ವಿನ್, ಅದರಲ್ಲಿ 273.15 ಕಳೆದರೆ ಸೆಲ್ಸಿಯಸ್. ಹಾಗೆ 15,000 ಅಂದರೆ 26.85 ಡಿಗ್ರಿ. ಇದೆಲ್ಲ ಬಳಕೆದಾರರ ಕೈಪಿಡಿಯಲ್ಲೇ ಇದೆ. ನಾನು ಅಷ್ಟನ್ನು ಓದಿ, ಲೆಕ್ಕ ಹಾಕಲು ಕೂತೆ. ಕೆಳಗಿನ ಸಾಲು ಓದಲಿಲ್ಲ. ಆ ಸಾಲಿನಲ್ಲಿ, ಸೊನ್ನೆ ಇದ್ದರೆ ಅಳತೆ ಸಿಕ್ಕಿಲ್ಲ ಎಂದರ್ಥ ಅಂತ ಬರೆದಿತ್ತು. ಮೋಡ ಮುಚ್ಚಿದ್ದರೆ ಉಪಗ್ರಹಕ್ಕೆ ನೆಲ ಕಾಣುವುದಿಲ್ಲ, ಆಗ ಸೊನ್ನೆ ಬೀಳುತ್ತದೆ.

ಮಳೆಗಾಲದ ತಿಂಗಳುಗಳಲ್ಲಿ ತಪ್ಪು ತಾನಾಗಿ ಸಿಕ್ಕಿಬಿತ್ತು. ಅರ್ಧಕ್ಕರ್ಧ ಸೊನ್ನೆಗಳಿದ್ದಾಗ ಸರಾಸರಿ ಮೈನಸ್ 123 ಡಿಗ್ರಿ ಬಂದರೆ ಯಾರೂ ನಂಬುವುದಿಲ್ಲ. ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ. ವರ್ಷಕ್ಕೆ 46 ಅಳತೆಗಳು. ಅದರಲ್ಲಿ 45 ಕಡೆ 15,000 ಇದ್ದು ಒಂದೇ ಒಂದು ಸೊನ್ನೆ ಸೇರಿದರೂ ಸರಾಸರಿ 26.85ರಿಂದ ಸುಮಾರು 20.3ಕ್ಕೆ ಇಳಿಯುತ್ತದೆ. ಇಪ್ಪತ್ತು ಡಿಗ್ರಿ ನೋಡಿ ಯಾರಿಗೆ ಅನುಮಾನ ಬರುತ್ತದೆ? ‘ಆ ವರ್ಷ ತಂಪಾಗಿತ್ತು’ ಎಂದು ಬರೆದುಬಿಡುತ್ತಿದ್ದೆ. ಅಂದಿನಿಂದ ಸರಾಸರಿಗೆ ಮೊದಲು ಸೊನ್ನೆಗಳನ್ನು ಎಣಿಸುತ್ತೇನೆ. ಜೊತೆಗೇ ಬರುವ ಗುಣಮಟ್ಟದ ಪದರವನ್ನೂ ನೋಡಿ, ಚೆನ್ನಾಗಿಲ್ಲದ ಅಳತೆಗಳನ್ನು ತೆಗೆದುಹಾಕುತ್ತೇನೆ.

ಇನ್ನೊಂದು ಮಾತು. ಇದು ನೆಲದ ಮೈಯ ಬಿಸಿ, ಹವಾಮಾನ ವರದಿಯಲ್ಲಿ ಬರುವ ಗಾಳಿಯ ಉಷ್ಣತೆ ಅಲ್ಲ. ಬಿಸಿಲಿಗೆ ಬಿದ್ದ ಬರಿ ಮಣ್ಣು ಗಾಳಿಗಿಂತ ತುಂಬಾ ಜಾಸ್ತಿ ಕಾದಿರುತ್ತದೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಸುಮ್ನೆ ಹೋಲಿಸಬೇಡಿ.

ಆಮೇಲೆ ಅಪಿಯರ್ಸ್ ಎಂಬ ಸಲಕರಣೆ ಗೊತ್ತಾಯಿತು. ಅಕ್ಷಾಂಶ, ರೇಖಾಂಶ, ತಾರೀಕು ಕೊಟ್ಟರೆ ಗುಣಾಕಾರ ಮುಗಿಸಿದ ಪಟ್ಟಿಯನ್ನೇ ಕೊಡುತ್ತದೆ. ಈಗ ಅದನ್ನೇ ಬಳಸುತ್ತೇನೆ. ಆದರೂ ಹೊಸಬರು ಒಂದು ಫೈಲನ್ನಾದರೂ ಕೈಯಾರೆ ತೆರೆದು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ನನ್ನ ಗ್ರಾಫ್ ಸದ್ಯಕ್ಕೆ 2019ಕ್ಕೆ ನಿಂತಿದೆ. ಟೆರಾ ಬಹುಕಾಲ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಹಾದುಹೋಗುತ್ತಿತ್ತು. 2020ರ ನಂತರ ಆ ಹೊತ್ತನ್ನು ಹಿಡಿದಿಡುವ ಕಕ್ಷೆಯ ತಿದ್ದುಪಡಿ ನಿಂತಿತು, ಹಾದುಹೋಗುವ ಸಮಯ ನಿಧಾನಕ್ಕೆ ಮುಂಚೆಯಾಗುತ್ತಾ ಬಂತು. ಬೇಗ ಅಳೆದರೆ ನೆಲ ಇನ್ನೂ ಅಷ್ಟು ಕಾದಿರುವುದಿಲ್ಲ. ಅಳೆದ ಹೊತ್ತನ್ನು ಹೇಳುವ ಪದರವೂ ಅದೇ ಫೈಲಿನಲ್ಲಿದೆ. ಅದರಲ್ಲಿ 105 ಎಂದಿದ್ದರೆ 10.5, ಅಂದರೆ ಹತ್ತೂವರೆ ಗಂಟೆ. ಈಗ ಅದನ್ನು ಒಂದೊಂದಾಗಿ ನೋಡುತ್ತಿದ್ದೇನೆ.