ಐದು ಜಾಗ ಬೇಡ, ಒಂದು ತೊರೆ ಸಾಕು
ಮನೆಯಲ್ಲೇ ಕಲಿಯುವ ಮಕ್ಕಳ ಕಲಿಕಾ ಪ್ರವಾಸವನ್ನು ಹೇಗೆ ಯೋಜಿಸುವುದು?

ಮಕ್ಕಳನ್ನು ಮನೆಯಲ್ಲೇ ಓದಿಸುವ ಅಪ್ಪ-ಅಮ್ಮಂದಿರು ಪ್ರವಾಸ ಹೊರಟಾಗ ಬಿಟ್ಟುಬಂದ ಶಾಲೆಯನ್ನೇ ನಕಲು ಮಾಡುತ್ತಾರೆ. ಬೆಳಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ತಾರಾಲಯ, ಸಂಜೆಯೊಳಗೆ ಒಂದು ಕೋಟೆ. ರಾತ್ರಿ ಮನೆ ಸೇರಿದ ಮಗುವಿಗೆ ನೆನಪಿರುವುದು ಕಿಟಕಿ ಪಕ್ಕದ ಸೀಟಿಗಾಗಿ ನಡೆದ ಜಗಳ ಮಾತ್ರ. ಶಾಲೆಗಾದರೋ ಅದು ಅನಿವಾರ್ಯ: ವರ್ಷಕ್ಕೊಂದೇ ಪ್ರವಾಸ, ಬಸ್ಸು ತುಂಬಾ ಮಕ್ಕಳು. ಹೋಂಸ್ಕೂಲಿಂಗ್ ಕುಟುಂಬಕ್ಕೆ ಆ ಕಟ್ಟುಪಾಡಿಲ್ಲ. ವಾರದ ನಡುವೆ, ಜನಸಂದಣಿ ಇಲ್ಲದಾಗ ಹೋಗಬಹುದು. ಒಂದೇ ಕಡೆ ಮೂರು ಗಂಟೆ ಕೂರಬಹುದು. ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಹೋಗಬಹುದು. ಈ ಮೂರನ್ನೂ ಕೈಬಿಟ್ಟು ಪಟ್ಟಿ ಹಿಡಿದು ಓಡಿದರೆ ಶಾಲೆಯ ಪ್ರವಾಸವೇ ವಾಸಿ, ಅಲ್ಲಿ ಗೆಳೆಯರಾದರೂ ಇರುತ್ತಾರೆ.

ಇಲ್ಲಿ ಮಾದರಿಗೆ ಒಂದು ಸಣ್ಣ ತೊರೆಯನ್ನು ಆರಿಸಿಕೊಂಡಿದೆ. ಟಿಕೆಟ್ ಬೇಕಿಲ್ಲ, ಗಣಿತ–ಜೀವಶಾಸ್ತ್ರ–ಭೂಗೋಳ ಮೂರೂ ಒಂದೇ ಕಡೆ ಸಿಗುತ್ತವೆ, ನಾಲ್ಕು ವರ್ಷದವರಿಂದ ಹದಿನಾಲ್ಕರವರೆಗೆ ಎಲ್ಲರಿಗೂ ಕೆಲಸವಿರುತ್ತದೆ.

1. ಮೊದಲು ಪ್ರಶ್ನೆ

‘ತೊರೆಯ ಪರಿಸರದ ಬಗ್ಗೆ ಅರಿವು’ ಎಂಬುದು ಪ್ರಶ್ನೆಯಲ್ಲ, ಕರಪತ್ರದ ಸಾಲು. ‘ಈ ತೊರೆಯಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ನೀರು ಹರಿಯುತ್ತಿದೆ?’ ಎಂಬುದು ಪ್ರಶ್ನೆ. ಉತ್ತರ ಫೋನಿನಲ್ಲೇ ಸಿಗುವಂತಿದ್ದರೆ ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಅಲ್ಲಿಗೇ ಹೋಗಿ ಅಳೆದರೆ, ಎಣಿಸಿದರೆ ಮಾತ್ರ ಸಿಗುವಂಥದ್ದಾಗಿರಬೇಕು.

ಹಿಂದಿನ ದಿನವೇ ಪ್ರತಿಯೊಂದು ಮಗುವೂ ತನ್ನ ಅಂದಾಜನ್ನು ಬರೆದಿಡಲಿ. ಒಬ್ಬಳು ಹತ್ತು ಬಕೆಟ್ ಎನ್ನುತ್ತಾಳೆ, ಇನ್ನೊಬ್ಬ ಲಕ್ಷ ಲೀಟರ್ ಎನ್ನುತ್ತಾನೆ. ನಗಬೇಡಿ, ತಿದ್ದಲೂ ಬೇಡಿ. ಅಂದಾಜು ಬರೆದ ಮಗು ಉತ್ತರಕ್ಕಾಗಿ ಕಾಯುತ್ತದೆ, ಬರೆಯದ ಮಗು ಊಟಕ್ಕಾಗಿ ಕಾಯುತ್ತದೆ.

ಅಂತರ್ಜಾಲದಿಂದ ಇಳಿಸಿಕೊಂಡ ‘ಪ್ರಕೃತಿ ನಡಿಗೆ’ ವರ್ಕ್‌ಶೀಟುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಖಾಲಿ ಚೌಕ ತುಂಬಿಸುವ ಅವಸರದಲ್ಲಿ ಮಗುವಿನ ಕಣ್ಣು ನೀರಿನ ಮೇಲಲ್ಲ, ಹಾಳೆಯ ಮೇಲೇ ಇರುತ್ತದೆ. ಕೊನೆಯ ಚೌಕ ತುಂಬಿತೋ, ಅದರ ಪಾಲಿಗೆ ಪ್ರವಾಸವೂ ಮುಗಿಯಿತು.

2. ಹಿರಿಯರೊಬ್ಬರು ಮೊದಲೇ ನೋಡಿ ಬನ್ನಿ

ಶೌಚಾಲಯ, ನೆರಳು, ಫೋನ್ ಸಿಗ್ನಲ್, ಅನುಮತಿ: ಅರ್ಧ ಗಂಟೆಯ ಕೆಲಸ. ದಡ ಜಾರುವಂತಿರಬಾರದು. ನೀರು ಅತಿ ಚಿಕ್ಕ ಮಗುವಿನ ಮೊಣಕಾಲು ದಾಟುವಂತಿದ್ದರೆ ಆ ಮಗು ದಡದಲ್ಲೇ ಇರಬೇಕು. ಮೇಲಿನ ಪ್ರದೇಶದಲ್ಲಿ ಮಳೆಯ ಮುನ್ಸೂಚನೆ ಇದ್ದರೆ ಪ್ರವಾಸ ರದ್ದು, ಇದರಲ್ಲಿ ಚೌಕಾಸಿ ಇಲ್ಲ. ಅಲ್ಲಿರುವಾಗ ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಕಸಕಡ್ಡಿ ತೇಲಿಬರತೊಡಗಿದರೆ, ನೀರಿನ ಸದ್ದು ಏರಿದರೆ ಸಾಮಾನು ಬಿಟ್ಟು ಮಕ್ಕಳನ್ನು ಮೇಲೆ ಹತ್ತಿಸಿ.

3. ಚೀಲದಲ್ಲಿ ಏನಿರಬೇಕು

20 ಮೀಟರಿನ ಬಟ್ಟೆ ಅಥವಾ ಫೈಬರ್ ಟೇಪು (ಸ್ಪ್ರಿಂಗಿನ ಲೋಹದ ಟೇಪು ಸರ್ರನೆ ಒಳಸರಿದು ಬೆರಳು ಕೊಯ್ಯುತ್ತದೆ, ನೆನೆದರೆ ತುಕ್ಕು ಹಿಡಿಯುತ್ತದೆ), ಎರಡು ಹಗ್ಗ, ಸೆಂಟಿಮೀಟರ್ ಗುರುತು ಹಾಕಿದ ಒಂದು ಮೀಟರ್ ಕೋಲು, ಸ್ಟಾಪ್‌ವಾಚ್, ಬಿಳಿ ಪ್ಲಾಸ್ಟಿಕ್ ಟ್ರೇ, ಒಂದು ಹಿಡಿ ಕಿತ್ತಳೆ ಸಿಪ್ಪೆ. ಕಾಲಿಗೆ ಬೆರಳು ಮುಚ್ಚುವ ಹಳೇ ಶೂ. ಚಪ್ಪಲಿ ತೇಲಿಹೋಗುತ್ತದೆ, ಬರಿಗಾಲಿಗೆ ಗಾಜು ಚುಚ್ಚುತ್ತದೆ.

ಟಿಪ್ಪಣಿಗೆ ಗೆರೆಯಿಲ್ಲದ, ಗಟ್ಟಿ ರಟ್ಟಿನ ಪುಸ್ತಕ ಮತ್ತು ಪೆನ್ಸಿಲ್. ಹಲವು ಪೆನ್ನುಗಳ ಶಾಯಿ ಒಂದು ಹನಿ ನೀರಿಗೆ ಕದಡುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ.

ದುಡ್ಡು ಹಾಕುವುದಿದ್ದರೆ ಲೆನ್ಸಿಗೆ ಹಾಕಿ. ಹತ್ತು ಪಟ್ಟು ಹಿಗ್ಗಿಸುವ, ಮಡಚಿಡುವ ಪುಟ್ಟ ಗಾಜಿನ ಲೆನ್ಸ್ ಸಾಕು. ಆಟಿಕೆಯಂಗಡಿಯ ದೊಡ್ಡ ಪ್ಲಾಸ್ಟಿಕ್ ಭೂತಗನ್ನಡಿ ಎರಡು-ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಿಸುವುದು ಅಪರೂಪ. ದೀಪ ಜೋಡಿಸಿ ‘60 ಪಟ್ಟು’ ಎಂದು ಬರೆದು ಮಾರುವ ಅಗ್ಗದ ಲೆನ್ಸುಗಳಲ್ಲಿ ದೀಪವೊಂದೇ ನಿಜ. ಲೆನ್ಸ್ ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಸಿನಿಮಾ ಪತ್ತೇದಾರರಂತೆ ಕೈ ಚಾಚಿ ಹಿಡಿದರೆ ಮಸುಕು ಬಿಟ್ಟು ಬೇರೇನೂ ಕಾಣದು. ಲೆನ್ಸನ್ನು ಕಣ್ಣಿಗೆ ಒತ್ತಿದಂತೆ ಹಿಡಿದು, ವಸ್ತುವನ್ನು ಎರಡೂವರೆ ಸೆಂಟಿಮೀಟರ್‌ವರೆಗೆ ಹತ್ತಿರ ತರಬೇಕು.

4. ಅಳತೆ: ಹೆಚ್ಚಿನವರು ಎಡವುವುದು ಇಲ್ಲೇ

ತಲುಪಿದ ಮೊದಲ ಇಪ್ಪತ್ತು ನಿಮಿಷ ಏನನ್ನೂ ಮಾಡಿಸಬೇಡಿ. ಕಲ್ಲೆಸೆಯಲಿ, ಕಾಲು ನೆನೆಸಲಿ. ಬಂದ ತಕ್ಷಣ ಟೇಪು ಬಿಚ್ಚಿದರೆ ಮಕ್ಕಳ ಮನಸ್ಸು ಆಟದ ಕಡೆಗೇ ಎಳೆಯುತ್ತಿರುತ್ತದೆ, ಅಳತೆ ಮೂರು ಸಲ ಕೆಡುತ್ತದೆ.

ನಂತರ ನೇರವಾಗಿ ಹರಿಯುವ, ಸುಳಿ ಮತ್ತು ದೊಡ್ಡ ಬಂಡೆಗಳಿಲ್ಲದ 10 ಮೀಟರ್ ಉದ್ದ ಆರಿಸಿ. ಎರಡೂ ತುದಿಯಲ್ಲಿ ತೊರೆಗೆ ಅಡ್ಡವಾಗಿ ಹಗ್ಗ ಕಟ್ಟಿ. ಮೇಲಿನ ಹಗ್ಗದಿಂದ ಕೆಳಗಿನ ಹಗ್ಗದವರೆಗೆ ಸಿಪ್ಪೆ ತೇಲಿಬರಲು ಎಷ್ಟು ಸೆಕೆಂಡು ಬೇಕೆಂದು ನೋಡುವುದು ಕೆಲಸ. ಕೇಳಲು ಸುಲಭ, ಮಾಡುವಾಗ ನಾಲ್ಕು ಕಡೆ ಎಡವಟ್ಟಾಗುತ್ತದೆ.

ಒಂದು, ತೇಲುವ ವಸ್ತು. ಪಿಂಗ್‌ಪಾಂಗ್ ಚೆಂಡು, ಒಣ ಎಲೆ ಎರಡೂ ಬೇಡ. ಅವು ನೀರಿನ ಮೇಲೇ ಕೂತು ಗಾಳಿಯ ಜೊತೆ ಓಡುತ್ತವೆ, ನೀವು ಅಳೆಯುವುದು ಗಾಳಿಯ ವೇಗ. ಕಿತ್ತಳೆ ಸಿಪ್ಪೆ ಬಹುಪಾಲು ಮುಳುಗಿ ತೇಲುತ್ತದೆ, ಬಣ್ಣದಿಂದಾಗಿ ದೂರಕ್ಕೂ ಕಾಣುತ್ತದೆ, ಕಳೆದುಹೋದರೆ ಕೊಳೆತು ಮಣ್ಣಾಗುತ್ತದೆ.

ಎರಡು, ಬಿಡುವ ಜಾಗ. ಮೇಲಿನ ಹಗ್ಗದ ಕೆಳಗೇ ಸಿಪ್ಪೆ ಬಿಟ್ಟರೆ ಅದು ಇನ್ನೂ ನೀರಿನ ವೇಗ ಹಿಡಿದಿರುವುದಿಲ್ಲ. ಒಂದೆರಡು ಮೀಟರ್ ಮೇಲ್ಗಡೆಯೇ ಬಿಡಿ, ಹಗ್ಗ ದಾಟಿದ ಕ್ಷಣದಿಂದ ಗಡಿಯಾರ ಓಡಲಿ.

ಮೂರು, ನಿಲ್ಲುವ ಜಾಗ. ಓರೆಯಾಗಿ ನಿಂತು ನೋಡುವ ಮಗುವಿಗೆ ಸಿಪ್ಪೆ ಹಗ್ಗ ದಾಟಿದ್ದು ಬೇಗನೋ ತಡವಾಗಿಯೋ ಕಾಣುತ್ತದೆ. ಪ್ರತಿ ಹಗ್ಗದ ತುದಿಯಲ್ಲಿ, ಹಗ್ಗದ ನೇರಕ್ಕೇ ಒಬ್ಬರು ನಿಂತು ‘ಬಂತು’ ಎಂದು ಕೂಗಬೇಕು. ಗಡಿಯಾರದವರು ಕೂಗಿಗೆ ಗುಂಡಿ ಒತ್ತಿದರಾಯಿತು, ನೀರು ನೋಡುವುದೇ ಬೇಡ.

ನಾಲ್ಕು, ಒಂದೇ ಸಲ ಅಳೆದು ಮುಗಿಸುವುದು. ನಡುವೆ ನೀರು ಜೋರು, ದಡದಲ್ಲಿ ನಿಧಾನ. ಅಗಲದುದ್ದಕ್ಕೂ ಬೇರೆ ಬೇರೆ ಕಡೆ ಕನಿಷ್ಠ ಐದು ಸಲ ಬಿಟ್ಟು ಸರಾಸರಿ ತೆಗೆಯಿರಿ. ಕಲ್ಲಿಗೆ ಸಿಕ್ಕಿಕೊಂಡ ಸಿಪ್ಪೆಯ ಲೆಕ್ಕ ಕೈಬಿಡಿ, ಆದರೆ ಬಿಟ್ಟಿದ್ದನ್ನು ಪುಸ್ತಕದಲ್ಲಿ ಬರೆದಿಡಿ.

ಸರಾಸರಿ 25 ಸೆಕೆಂಡು ಬಂತೆನ್ನಿ. ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ಆದರೆ ತಳದ ಕಲ್ಲುಮಣ್ಣಿಗೆ ಉಜ್ಜಿಕೊಂಡು ಹರಿಯುವ ನೀರು ಮೇಲಿನ ನೀರಿಗಿಂತ ನಿಧಾನ. ಅದಕ್ಕೇ ಕಲ್ಲಿನ ತಳವಿದ್ದರೆ 0.8ರಿಂದ, ನುಣುಪು ಕೆಸರಿನ ತಳವಿದ್ದರೆ 0.9ರಿಂದ ಗುಣಿಸುವುದು ರೂಢಿ. ಕಲ್ಲಿನ ತೊರೆಯಾದರೆ ನಿಜವಾದ ಸರಾಸರಿ ವೇಗ 0.32 ಮೀಟರ್.

ಇನ್ನು ಆಳ. ತೊರೆಯ ಅಗಲ 2 ಮೀಟರ್ ಎಂದುಕೊಳ್ಳಿ. ಪ್ರತಿ 50 ಸೆಂಟಿಮೀಟರಿಗೆ ಕೋಲು ಇಳಿಸಿದಾಗ 20, 40, 30 ಸೆಂಟಿಮೀಟರ್ ಸಿಕ್ಕಿತು. ಎರಡೂ ದಡದಲ್ಲಿ ಆಳ ಸೊನ್ನೆ. ಒಟ್ಟು 90. ಇದನ್ನು ಮೂರರಿಂದ ಭಾಗಿಸುವವರೇ ಹೆಚ್ಚು, ಮೂರು ಕಡೆ ಅಳೆದೆವಲ್ಲ ಎಂದು. ಹಾಗೆ ಮಾಡಿದರೆ ದಡದ ಇಳಿಜಾರು ಲೆಕ್ಕಕ್ಕೇ ಬರುವುದಿಲ್ಲ. ಸೊನ್ನೆಗಳನ್ನೂ ಸೇರಿಸಿ ಐದರಿಂದ ಭಾಗಿಸಿದರೆ ಆಳ ಕಡಿಮೆಯಾಗುತ್ತದೆ. ಅಳೆದ ಬಿಂದುಗಳನ್ನಲ್ಲ, ನಡುವಿನ ತುಂಡುಗಳನ್ನು ಎಣಿಸಬೇಕು: ನಾಲ್ಕು ತುಂಡು, ಸರಾಸರಿ 22.5 ಸೆಂಟಿಮೀಟರ್. ಅಗಲದಿಂದ ಗುಣಿಸಿದರೆ 0.45 ಚದರ ಮೀಟರ್. ಅದನ್ನು 0.32ರಿಂದ ಗುಣಿಸಿದರೆ 0.144 ಘನ ಮೀಟರ್, ಅಂದರೆ ಸೆಕೆಂಡಿಗೆ 144 ಲೀಟರ್. ತುಂಡುಗಳ ಲೆಕ್ಕ ಅರ್ಥವಾಗದ ಮಗುವಿಗೆ ಸೂತ್ರ ಕೊಡಬೇಡಿ. ಚೌಕದ ಹಾಳೆಯ ಮೇಲೆ ತೊರೆಯ ಅಡ್ಡನೋಟ ಬರೆಸಿ, ಚೌಕ ಎಣಿಸಲಿ.

ಕೆಲಸ ಹಂಚುವಾಗ ಚಿಕ್ಕವರಿಗೆ ತೋರಿಕೆಯ ಕೆಲಸ ಕೊಡಬೇಡಿ, ಅವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸಿಪ್ಪೆ ಬಿಡುವುದು, ‘ಬಂತು’ ಎಂದು ಕೂಗುವುದು ಐದು ವರ್ಷದವರದ್ದು. ಗಡಿಯಾರ ಎಂಟು-ಒಂಬತ್ತರವರದ್ದು. ಆಳ ಮತ್ತು ದಾಖಲೆ ದೊಡ್ಡ ಮಕ್ಕಳದ್ದು. ಹಿರಿಯರಲ್ಲಿ ಒಬ್ಬರಿಗೆ ತಲೆ ಎಣಿಸುವುದನ್ನು ಬಿಟ್ಟು ಬೇರೆ ಕೆಲಸವೇ ಇರಬಾರದು, ಫೋಟೊ ತೆಗೆಯುವುದೂ ಸೇರಿ. ಉಳಿದ ಹಿರಿಯರು ಬಾಯಿ ಬಿಗಿಹಿಡಿಯಬೇಕು. ‘ನೋಡು, ಅಲ್ಲಿ ನೀರು ಯಾಕೆ ನಿಧಾನ ಗೊತ್ತಾ?’ ಎಂದು ಕೇಳಿ, ಮಗು ಉಸಿರೆಳೆಯುವಷ್ಟರಲ್ಲಿ ತಾವೇ ಉತ್ತರ ಹೇಳುವ ಚಾಳಿ ವಿದ್ಯಾವಂತ ಪೋಷಕರಲ್ಲೇ ಜಾಸ್ತಿ.

5. ಕಲ್ಲಿನ ಕೆಳಗೆ

ನೀರೊಳಗಿನ ಅಂಗೈಯಗಲದ ಕಲ್ಲೆತ್ತಿ ಬಿಳಿ ಟ್ರೇಯಲ್ಲಿ ತೊಳೆದರೆ ಕೀಟಗಳ ಮರಿಗಳು ಕಾಣುತ್ತವೆ. ಹಿಂದೆ ಎರಡೇ ಬಾಲವಿದ್ದರೆ ಅದು ಸ್ಟೋನ್‌ಫ್ಲೈ ಮರಿ ಇರಬಹುದು. ಆಮ್ಲಜನಕ ಚೆನ್ನಾಗಿರುವ ಶುದ್ಧ ನೀರನ್ನೇ ಅದು ಬಯಸುತ್ತದೆ. ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಪಕ್ಕದಲ್ಲಿ ಬೀಸಣಿಗೆಯಂಥ ಕಿವಿರುಗಳಿದ್ದರೆ ಮೇಫ್ಲೈ. ಚಿತ್ರ ಬರೆದುಕೊಂಡು ನೀರಿಗೇ ಬಿಡಿ, ಕಲ್ಲನ್ನು ಇದ್ದ ಮಗ್ಗುಲಿಗೇ ಇಡಿ.

6. ಅದೇ ದಿನ ಬರೆಯಿರಿ

ನಾಳೆ ಬರೆದರಾಯಿತು ಎಂದರೆ ಮುಗಿಯಿತು. ದಿನಾಂಕ, ವೇಳೆ, ಹವೆ, ಅಳೆದ ಜಾಗದ ಗುರುತು (‘ಸೇತುವೆಯಿಂದ ಕೆಳಕ್ಕೆ 30 ಹೆಜ್ಜೆ, ಎಡದಂಡೆಯ ಸೀಳುಬಂಡೆ’), ಕೊನೆಗೆ ಅಂಕಿಗಳು. ಅಮೆರಿಕದ ಬರ್ಕ್ಲಿಯಲ್ಲಿ 1908ರಲ್ಲಿ ಶುರುವಾದ ಕಶೇರುಕ ಪ್ರಾಣಿಗಳ ಮ್ಯೂಸಿಯಂನ ಮೊದಲ ನಿರ್ದೇಶಕ ಜೋಸೆಫ್ ಗ್ರಿನ್ನೆಲ್ ಕ್ಷೇತ್ರ ಟಿಪ್ಪಣಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸುಮಾರು ಒಂದು ಶತಮಾನದ ನಂತರ, ಆ ಟಿಪ್ಪಣಿಗಳನ್ನೇ ಹಿಡಿದು ಸಂಶೋಧಕರು ಅದೇ ಜಾಗಗಳಿಗೆ ಮರಳಿ ಹೋದರು. ಕ್ಯಾಲಿಫೋರ್ನಿಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹಲವು ಸಣ್ಣ ಸಸ್ತನಿಗಳ ನೆಲೆ ಬೆಟ್ಟದ ಮೇಲ್ಭಾಗಕ್ಕೆ ಸರಿದಿರುವುದು ತಿಳಿದದ್ದು ಹಾಗೆ. ಜಾಗದ ಗುರುತು ಬರೆಯಲು ಗೊಣಗುವ ಮಗುವಿಗೆ ಇದನ್ನು ಹೇಳಿ. ನಿಮ್ಮ ತೊರೆಯನ್ನೂ ಬೇಸಿಗೆಯಲ್ಲಿ ಮತ್ತೆ ಅಳೆಯುವಾಗ ಆ ಸೀಳುಬಂಡೆ ಸಿಗದಿದ್ದರೆ ಎರಡು ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ವಸ್ತುಸಂಗ್ರಹಾಲಯಕ್ಕಾದರೆ

ಒಂದು ಕೋಣೆ, ಮೂರು ವಸ್ತು, ಮುಕ್ಕಾಲು ಗಂಟೆ. ‘ಮ್ಯೂಸಿಯಂ ಆಯಾಸ’ ಎಂಬ ಹೆಸರಿನಲ್ಲೇ ಬೋಸ್ಟನ್ನಿನ ಕಲಾ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ಲೇಖನ ಬರೆದರು. ಗಾಜಿನ ಪೆಟ್ಟಿಗೆಗಳನ್ನು ನೋಡಲು ಮನುಷ್ಯ ಹೇಗೆಲ್ಲ ಬಗ್ಗಿ ಕುಕ್ಕರಗಾಲಲ್ಲಿ ಕೂರಬೇಕೆಂದು ಫೋಟೊ ತೆಗೆಸಿ ತೋರಿಸಿದರು. ದೊಡ್ಡವರೇ ಬಗ್ಗಬೇಕಾದ ಕಡೆ ಪುಟ್ಟ ಮಗು ತುದಿಗಾಲಲ್ಲಿ ನಿಲ್ಲಬೇಕು. ಒಂದು ಮಡಚುವ ಸ್ಟೂಲ್ ಒಯ್ಯಬಹುದೇ ಎಂದು ಮೊದಲೇ ಫೋನಿನಲ್ಲಿ ಕೇಳಿ.

ವಸ್ತುವಿನ ಪಕ್ಕದ ಫಲಕವನ್ನು ಕೊನೆಯಲ್ಲಿ ಓದಿಸಿ. ಮೊದಲು ಚಿತ್ರ ಬರೆಯಲಿ, ಅಂದವಾಗಿರಬೇಕಿಲ್ಲ. ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ತನ್ನ ವಿದ್ಯಾರ್ಥಿ ಸ್ಯಾಮ್ಯುಯಲ್ ಸ್ಕಡರ್‌ನ ಮುಂದೆ ಒಂದೇ ಒಂದು ಮೀನು ಇಟ್ಟು ಮೂರು ದಿನ ಅದನ್ನೇ ನೋಡಿಸಿದರಂತೆ. ಹತ್ತು ನಿಮಿಷದಲ್ಲಿ ಎಲ್ಲ ನೋಡಿಯಾಯಿತು ಎಂದುಕೊಂಡಿದ್ದ ಸ್ಕಡರ್‌ಗೆ ಕಾಣದ್ದು ಕಾಣತೊಡಗಿದ್ದು ಪೆನ್ಸಿಲ್ ಹಿಡಿದ ಮೇಲೆ. ಮೂರು ದಿನ ಬೇಡ, ಹದಿನೈದು ನಿಮಿಷ ಸಾಕು.

ದೂರ ಪ್ರಯಾಣವಿದ್ದರೆ: ಒಂದು ಕೋಲು

ಉತ್ತರ–ದಕ್ಷಿಣವಾಗಿ ನೂರಾರು ಕಿಲೊಮೀಟರ್ ಹೋಗುವ ಪ್ರಯಾಣಕ್ಕೆ, ಎರಡು ಊರುಗಳಲ್ಲಿ ಕೋಲಿನ ನೆರಳು ಅಳೆದು ಅವುಗಳ ಉತ್ತರ–ದಕ್ಷಿಣ ಅಂತರವನ್ನು ಲೆಕ್ಕಹಾಕುವುದಕ್ಕಿಂತ ಒಳ್ಳೆಯ ಪಾಠವಿಲ್ಲ. ಸಮತಟ್ಟು ನೆಲದಲ್ಲಿ 1 ಮೀಟರ್ ಕೋಲನ್ನು ತೂಗುಗುಂಡಿನ ನೇರಕ್ಕೆ ನಿಲ್ಲಿಸಿ, ನಡುಹಗಲಿನ ಆಸುಪಾಸಿನಲ್ಲಿ ಮೂರು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಅತಿ ಗಿಡ್ಡ ನೆರಳು ಬೇಕು, ಅದು ಗಡಿಯಾರದ ಹನ್ನೆರಡಕ್ಕೇ ಬೀಳುವುದಿಲ್ಲ. ಒಂದು ಊರಲ್ಲಿ ನೆರಳು 36.4 ಸೆಂಟಿಮೀಟರ್ ಇದ್ದರೆ ಸೂರ್ಯ ನೆತ್ತಿಯಿಂದ 20 ಡಿಗ್ರಿ ಓರೆ, ಇನ್ನೊಂದು ಊರಲ್ಲಿ 26.8 ಇದ್ದರೆ 15 ಡಿಗ್ರಿ. ತ್ರಿಕೋನಮಿತಿ ಬಾರದ ಮಗು ತ್ರಿಭುಜ ಬರೆದು ಕೋನಮಾಪಕ ಇಟ್ಟು ಅಳೆಯಲಿ. ಎರಡು ಕೋನಗಳ ವ್ಯತ್ಯಾಸವೇ ಊರುಗಳ ಅಂತರ ಹೇಳುತ್ತದೆ: ಒಂದು ಡಿಗ್ರಿಗೆ ಸುಮಾರು 111 ಕಿಲೊಮೀಟರ್, ಐದು ಡಿಗ್ರಿಗೆ ಸುಮಾರು 555.

ಎರಡು ಎಚ್ಚರಿಕೆ. ಉಷ್ಣವಲಯದಲ್ಲಿ ಒಂದು ಊರಿನ ನೆರಳು ಉತ್ತರಕ್ಕೂ ಇನ್ನೊಂದರದ್ದು ದಕ್ಷಿಣಕ್ಕೂ ಬಿದ್ದರೆ ಕೋನಗಳನ್ನು ಕಳೆಯಬಾರದು, ಕೂಡಿಸಬೇಕು. ಮಾರ್ಚ್, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಸೂರ್ಯನ ಸ್ಥಾನ ದಿನಕ್ಕೆ ಸುಮಾರು 0.4 ಡಿಗ್ರಿ ಸರಿಯುತ್ತದೆ. ಆಗ ಎರಡು ಅಳತೆಗಳ ನಡುವೆ ಒಂದೇ ದಿನ ಕಳೆದರೂ ನಲವತ್ತು ಕಿಲೊಮೀಟರಿಗಿಂತ ಹೆಚ್ಚು ತಪ್ಪು ಬರುತ್ತದೆ. ಜೂನ್ ಅಥವಾ ಡಿಸೆಂಬರ್ ಕೊನೆಯಲ್ಲಿ ಹೊರಡಿ. ಇಲ್ಲವೇ ದೂರದ ಊರಿನ ಇನ್ನೊಂದು ಹೋಂಸ್ಕೂಲಿಂಗ್ ಕುಟುಂಬದೊಂದಿಗೆ ದಿನ ಗೊತ್ತುಮಾಡಿಕೊಂಡು ಅಲ್ಲೂ ಇಲ್ಲೂ ಒಂದೇ ದಿನ ಅಳೆದು, ಫೋನಿನಲ್ಲಿ ನೆರಳಿನ ಉದ್ದ ಹೇಳಿಕೊಳ್ಳಿ. ಆಗ ಯಾರೂ ಬಸ್ಸು ಹತ್ತಬೇಕಾಗಿಯೇ ಇಲ್ಲ.