ಸೆಂಟ್ರಿಂಗ್ ಹಲಗೆಯ ಮೇಲೆ ನಕ್ಷೆ

ಮನೆ ಕಟ್ಟುವಲ್ಲಿ ಜಗಳ ಹುಟ್ಟುವುದು ಹಣದಿಂದ ಎಂದು ಎಲ್ಲರೂ ಹೇಳುತ್ತಾರೆ. ಮೈಸೂರಿನಲ್ಲಿ ಸೈಟ್ ಎಂಜಿನಿಯರ್ ಆಗಿ ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಸಂಜೆಯ ಮಾತಿನಿಂದ. ಮಾಲೀಕರು ಕಚೇರಿ ಮುಗಿಸಿಕೊಂಡು ಬಂದು, ‘ಮೇಸ್ತ್ರಿ, ಈ ಕಿಟಕಿ ಒಂದಡಿ ಆಚೆ ಇರಲಿ’ ಎಂದು ಹೋಗುತ್ತಾರೆ. ಮೇಸ್ತ್ರಿ ಸರಿಸಿಬಿಡುತ್ತಾರೆ. ಆರ್ಕಿಟೆಕ್ಟ್‌ಗೆ ಅದು ತಿಳಿಯುವುದು ಗೋಡೆ ಲಿಂಟಲ್ (ಕಿಟಕಿ-ಬಾಗಿಲ ಮೇಲಿನ ಅಡ್ಡ ತೊಲೆ) ಮಟ್ಟಕ್ಕೆ ಬಂದ ಮೇಲೆ.

ಅದಕ್ಕೆ ಸೈಟಿನಲ್ಲಿ ಕಾರ್ಬನ್ ಪ್ರತಿ ತೆಗೆಯುವ ಪುಸ್ತಕವೊಂದನ್ನು ಇಟ್ಟಿದ್ದೇನೆ. ಏನೇ ಬದಲಾವಣೆಯಿರಲಿ, ಅದರ ಖರ್ಚಿನೊಂದಿಗೆ ಬರೆದು ಮಾಲೀಕರ ಸಹಿ ಪಡೆಯುತ್ತೇನೆ. ಸಹಿ ಕೇಳಿದೊಡನೆ ಎಷ್ಟೋ ಆಸೆಗಳು ತಾವಾಗಿಯೇ ಬಿದ್ದುಹೋಗುತ್ತವೆ! ವಾಟ್ಸ್‌ಆ್ಯಪ್ ಗುಂಪು ಫೋಟೊಗಳಿಗೆ ಮಾತ್ರ. ತೀರ್ಮಾನಗಳನ್ನು ಅಲ್ಲಿ ಹಾಕಿದರೆ ಶುಭೋದಯಗಳ ನಡುವೆ ಕಳೆದುಹೋಗುತ್ತವೆ.

ನನಗೆ ಅತಿ ಹೆಚ್ಚು ಫಲ ಕೊಟ್ಟಿದ್ದು ಸೀಮೆಸುಣ್ಣ. ತಾರಸಿಯ ಕಾಂಕ್ರೀಟ್ ಸುರಿಯಲು ಅಚ್ಚಾಗಿ ಸೆಂಟ್ರಿಂಗ್ ಹಲಗೆ ಹಾಸಿದ ಮೇಲೆ, ಕಂಬಿ ಇಡುವ ಮೊದಲು, ಕೆಳಗಿನ ಕೋಣೆಗಳನ್ನೂ ಮೇಲಿನ ಅಂತಸ್ತಿನ ಗೋಡೆಗಳನ್ನೂ ಹಲಗೆಯ ಮೇಲೆ ನಿಜವಾದ ಅಳತೆಯಲ್ಲೇ ಗೀಚುತ್ತೇನೆ. ಆರ್ಕಿಟೆಕ್ಟ್ ನಕ್ಷೆ ಮಿಲಿಮೀಟರ್‌ನಲ್ಲಿ, ಮೇಸ್ತ್ರಿಯ ಲೆಕ್ಕ ಅಡಿ-ಅಂಗುಲದಲ್ಲಿ, ಮಾಲೀಕರಿಗೆ ಎರಡೂ ಅಷ್ಟಕ್ಕಷ್ಟೆ. ಗೆರೆಯೊಳಗೆ ನಿಂತರೆ ಮಾತ್ರ ಮೂವರೂ ಒಂದೇ ಕೋಣೆಯನ್ನು ನೋಡುತ್ತಾರೆ. ಮನೆಯೊಡತಿ ಮಂಚ ಎಲ್ಲಿ ಬರುತ್ತದೆಂದು ತೋರಿಸುತ್ತಾರೆ, ಎಲೆಕ್ಟ್ರಿಷಿಯನ್ ಫ್ಯಾನ್ ಬಾಕ್ಸ್‌ಗೆ ಅಲ್ಲೇ ಗುರುತು ಹಾಕುತ್ತಾರೆ. ಪ್ಲಂಬರ್ ತಮ್ಮ ಪೈಪ್ ಇಳಿಯುವ ಜಾಗ ತೋರಿಸುತ್ತಾರೆ. ಅದು ಬೀಮ್‌ಗೆ ಅಡ್ಡ ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಅಲ್ಲಿಯೇ ಬೇಡವೆನ್ನುತ್ತಾರೆ. ಕಾಂಕ್ರೀಟ್ ಬಿದ್ದ ಮೇಲೆ ಇದೇ ಮಾತಿಗೆ ಕೊರೆಯುವ ಯಂತ್ರ ಬೇಕಾಗುತ್ತದೆ. ಈ ಭೇಟಿಗೆ ಎಲ್ಲರನ್ನೂ ಒಂದೇ ಹೊತ್ತಿಗೆ ಕರೆತರುವುದೇ ಕಷ್ಟದ ಕೆಲಸ. ಒಬ್ಬರು ಬರದಿದ್ದರೂ ನಾನು ಕಂಬಿ ಕಟ್ಟಲು ಬಿಡುವುದಿಲ್ಲ, ಗುತ್ತಿಗೆದಾರರು ಗೊಣಗುತ್ತಾರೆ.

ತಾರಸಿ ಹಾಕಿದ ಮೇಲಿನ ತಕರಾರು ಬೇರೆ. ಸೆಂಟ್ರಿಂಗ್‌ನವರಿಗೆ ಮುಂದಿನ ಸೈಟಿಗೆ ಹಲಗೆ, ಅದಕ್ಕೆ ಆಸರೆ ಕೊಡುವ ಜಾಕ್‌ಗಳು ಬೇಕು. ಮಾಲೀಕರಿಗೆ ಒಳಗಿನ ಕೆಲಸ ಬೇಗ ಶುರುವಾಗಬೇಕು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದ್ದರೆ ಗೋಡೆ ಅಥವಾ ಬೀಮ್‌ಗಳ ನಡುವೆ 4.5 ಮೀಟರ್‌ವರೆಗೆ ಚಾಚುವ ಸ್ಲ್ಯಾಬ್‌ಗೆ ಆಸರೆ ಕನಿಷ್ಠ 7 ದಿನ, ಅದಕ್ಕೂ ಅಗಲವಾಗಿದ್ದರೆ 14 ದಿನ ಇರಬೇಕೆನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ ಇನ್ನೂ ಕಾಯಬೇಕು. ಬಾಯಿಮಾತಿನಲ್ಲಿ ವಾದಿಸುವ ಬದಲು, ಜಾಕ್ ತೆಗೆಯುವ ದಿನಾಂಕವನ್ನು ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಬರೆಸುತ್ತೇನೆ. ಅದನ್ನು ಓದಿದ ಮೇಲೂ ಸೆಂಟ್ರಿಂಗ್‌ನವರು ಫೋನ್ ಮಾಡುತ್ತಾರೆ, ‘ಸರ್, ನಾಳೆ ಬಿಚ್ಚಬಹುದಾ?’ ಎಂದು.